ಕನ್ನಡಕದವರ ಕ್ಯಾರವಾನು ಹೊರಟ ದಿನ

ತಂಟೆ ಶುರುವಾದದ್ದು ಒಂದು ಕ್ಯಾಲೆಂಡರಿನ ಬೆಟ್ಟದಿಂದ. ಹೊಸ ಗಾಜು ಹಾಕಿಸಿಕೊಂಡ ಗಿರಾಕಿಗಳಿಗೆಲ್ಲ ಗೋಡೆಯ ಮೇಲಿನ ಆ ಚಿತ್ರ ತೋರಿಸಿ "ತುದಿ ಕಾಣ್ತಾ?" ಎಂದು ಕೇಳುವುದು ಕನ್ನಡಕದ ಅಂಗಡಿಯವರ ವಾಡಿಕೆ. ಪಕ್ಕದ ಮನೆಯ ನಿವೃತ್ತ ಮ್ಯಾನೇಜರು ಹೊಸ ಕನ್ನಡಕ ಏರಿಸಿಕೊಂಡು ಕತ್ತು ಚಾಚಿದರು.

"ತುದೀಲಿರೋದು ಮಂಜೋ, ಕಾಗದ ಕಿತ್ತು ಹೋಗಿರೋದೋ?"

"ಮಂಜು."

"ನೀವು ನೋಡಿದೀರಾ?"

ಕನ್ನಡಕದವರು ನೋಡಿರಲಿಲ್ಲ. ಊರಿಗೆಲ್ಲ ಬೆಟ್ಟ ತೋರಿಸುತ್ತಿದ್ದವರು ತಾವು ಮಾತ್ರ ರೈಲ್ವೆ ಸ್ಟೇಷನ್ನಿನಾಚೆ ಕಾಲಿಟ್ಟವರಲ್ಲ. ಮ್ಯಾನೇಜರು ನಕ್ಕ ನಗು ಗಂಟಲಿಗೆ ಸಿಕ್ಕಿಕೊಂಡ ಮುಳ್ಳಿನಂತೆ ಕೂತುಬಿಟ್ಟಿತು. ಈ ಬೇಸಿಗೆಯಲ್ಲಿ ಆ ಬೆಟ್ಟದ ಬುಡದ ಊರಿಗೆ ಹೋಗಿ, ಕಣ್ಣಾರೆ ನೋಡಿ ಬಂದೇ ಮುಂದಿನ ಮಾತು ಎಂದು ಅಂದೇ ತೀರ್ಮಾನವಾಯಿತು.

ಹೋಟೆಲಿನ ಹಾಸಿಗೆ ಎಂದರೆ ಹೆಂಡತಿಗೆ ಆಗದು. ಹೀಗಾಗಿ ಒಳಗೇ ಮಂಚ, ಒಲೆ, ಕಕ್ಕಸು ಎಲ್ಲ ಇರುವ ಒಂದು ಕ್ಯಾರವಾನು ಬಾಡಿಗೆಗೆ ಗೊತ್ತಾಯಿತು. ಓಡಿಸುವ ಚಿಂತೆಯಿರಲಿಲ್ಲ, ಆಕೆ ಸ್ಕೂಲ್ ಬಸ್ಸಿನ ಡ್ರೈವರು. ಕನ್ನಡಕದವರ ಕೈಯಲ್ಲಿ ಸೈಕಲ್ಲು ಕೂಡ ಎಡಕ್ಕೆ ಮಾತ್ರ ತಿರುಗುತ್ತಿತ್ತು.

ಹೊರಡುವ ಹಿಂದಿನ ದಿನ ಬೆಳಗ್ಗೆ ಆಕೆ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದಳು. ಬಚ್ಚಲುಮನೆಗೆ ನುಗ್ಗಿದ ಆನೆಯಂತೆ ಅದು ಓಣಿಯನ್ನೆಲ್ಲ ತುಂಬಿಕೊಂಡಿತು. ಹಲ್ಲುಜ್ಜುತ್ತಿದ್ದ ಮ್ಯಾನೇಜರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದು ಒಳಹೊಕ್ಕರು.

"ಕಕ್ಕಸು ಜೊತೇಲಿಟ್ಕೊಂಡು ಊರೂರು ಸುತ್ತೋದಾ? ಅಲ್ರೀ, ಮನೇನೇ ಹೊತ್ಕೊಂಡು ಹೋಗೋದಾದ್ರೆ ಮನೇಲೇ ಇರಬಹುದಲ್ವಾ?"

"ಮನೇಲಿದ್ರೆ ನೀವಿರ್ತೀರಲ್ಲ," ಎಂದರು ಕನ್ನಡಕದವರು.

ಮ್ಯಾನೇಜರಿಗೆ ಇಂಥವು ತಾಗುವುದಿಲ್ಲ. ಮೂವತ್ತು ವರ್ಷ ಇನ್ನೊಬ್ಬರ ಕೆಲಸದ ಮೇಲೆ ನಿಗಾ ಇಟ್ಟ ಚರ್ಮ ಅದು. "ಇದೇನು ಬಟನ್ನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒತ್ತಿಯೂಬಿಟ್ಟರು.

ಗಾಡಿಯ ನೆತ್ತಿಯಿಂದ ನೆರಳಿನ ಚಪ್ಪರವೊಂದು ಗುರ್ ಎಂದು ಹೊರಚಾಚಿ, ಮಹಡಿ ಮನೆಯ ಡ್ರಾಯಿಂಗ್ ಟೀಚರು ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಯ ಹಗ್ಗಕ್ಕೆ ಸಿಕ್ಕಿಕೊಂಡಿತು. ಮ್ಯಾನೇಜರು ಗಾಬರಿಯಿಂದ ಮತ್ತೊಮ್ಮೆ ಒತ್ತಿದರು. ಚಪ್ಪರ ಹಿಂದಕ್ಕೆ ಸರಿಯುವಾಗ ಹಗ್ಗ, ಕ್ಲಿಪ್ಪು, ಎರಡು ಬೆಡ್‌ಶೀಟು ಎಲ್ಲವನ್ನೂ ಸುತ್ತಿಕೊಂಡು ನುಂಗಿತು.

"ಅಯ್ಯೋ, ನನ್ನ ಬೆಡ್‌ಶೀಟು!" ಮಹಡಿಯಿಂದ ಟೀಚರು ಕೂಗಿದರು. "ಬೆಟ್ಟಕ್ಕೆ ಹೋಗೋರಿಗೆ ನನ್ನ ಹೊದಿಕೆ ಯಾಕ್ರೀ ಬೇಕು?"

ಅದನ್ನು ಬಿಡಿಸಲು ಕನ್ನಡಕದವರು ಗಾಡಿಯ ಮೇಲೆ ಹತ್ತಿದರು. ಬೆಡ್‌ಶೀಟು ಬಂತು, ಅರ್ಧ. ಇನ್ನರ್ಧ ಚಪ್ಪರದಲ್ಲೇ ಉಳಿಯಿತು. ಇಳಿಯುವಾಗ ಪ್ಯಾಂಟಿನ ಹಿಂಭಾಗವೂ ಅಲ್ಲೇ ಉಳಿಯಿತು.

"ಶಕುನ ನೋಡಿದ್ರಾ?" ಕೆಳಗಿಳಿದು ಬಂದ ಟೀಚರು ಅರ್ಧ ಹೊದಿಕೆ ಮಡಿಸುತ್ತಾ ಕೇಳಿದರು. "ಈಗಲೂ ಬೇಡ ಅಂದ್ಬಿಡಿ."

"ಪ್ಯಾಂಟೇ ಇಲ್ದಿದ್ರೂ ಹೋಗ್ತೀನಿ!"

"ಹೋಗಿ, ಯಾರು ಬೇಡ ಅಂದ್ರು?" ಮ್ಯಾನೇಜರು ಬಾಯಿ ಮುಕ್ಕಳಿಸಿ ಉಗಿದು ಬಂದರು. "ಅಲ್ಲಿ ಈ ಭೂತಾನ ಎಲ್ಲಿ ನಿಲ್ಲಿಸ್ತೀರಿ? ಸೀಸನ್ನಲ್ಲಿ ಸ್ಕೂಟರ್ ನಿಲ್ಲಿಸೋಕೂ ಜಾಗ ಸಿಗಲ್ವಂತೆ."

ಕನ್ನಡಕದವರಿಗೆ ಇದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎಂದು ಒಪ್ಪುವ ಜಾಯಮಾನವೂ ಅವರದಲ್ಲ. ಹೆಂಡತಿಯ ಅಣ್ಣ ಇರುವುದು ಅದೇ ಊರಿನಲ್ಲಿ. ಆರು ವರ್ಷಗಳಿಂದ ಮಾತಿಲ್ಲ ಎನ್ನುವುದು ಬೇರೆ ವಿಷಯ. ಎಲ್ಲರಿಗೂ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿ, ಎದೆಯುಬ್ಬಿಸಿ ಮಾತಾಡಿದರು.

"ಭಾವ, ನಿಮ್ಮೂರಿಗೆ ಬರ್ತಾ ಇದೀವಿ. ನಿಮ್ಮ ಅಂಗಳದಲ್ಲಿ ಒಂದು ಗಾಡಿ ನಿಲ್ಲಿಸ್ಕೊಳ್ಳಲಾ? ಊಟ, ನಿದ್ದೆ ಎಲ್ಲ ಅದರಲ್ಲೇ. ನಿಮಗೇನೂ ತೊಂದರೆ ಇಲ್ಲ."

"ಬನ್ನಿ ಬನ್ನಿ! ಎಷ್ಟು ದಿನ?"

"ಇಡೀ ತಿಂಗಳು!" ಎಂದರು ಕನ್ನಡಕದವರು, ಮ್ಯಾನೇಜರ ಕಡೆ ನೋಡುತ್ತಾ. "ಇಲ್ಲಿ ಎರಡು ರೂಮು, ಎರಡು ಫ್ಯಾನು, ಹಗಲೂ ರಾತ್ರಿ ನೀರು. ಎಲ್ಲಾನೂ ಬೀಗ ಹಾಕಿ ಬಿಸಾಕಿ ಬರ್ತಾ ಇದೀನಿ. ಯಾರ ಮಾತೂ ಕೇಳಲ್ಲ."

ಆ ಕಡೆ ಭಾವನ ದನಿ ಬೆಣ್ಣೆಯಾಯಿತು. "ಮನೆ ಖಾಲೀನಾ? ಇಡೀ ತಿಂಗಳು?" ಫೋನು ಕಟ್ಟಾಯಿತು.

ಮಧ್ಯಾಹ್ನವೆಲ್ಲ ಕನ್ನಡಕದವರು ಪಾತ್ರೆ, ಸ್ವೆಟರು, ದುರ್ಬೀನು ತುಂಬಿಸಿದರು. ಕಾರು ಹತ್ತಿದರೆ ವಾಂತಿಯಾಗುವವರ ಕತೆಗಳನ್ನು ಟೀಚರು ಹೇಳುತ್ತಾ ನಿಂತಿದ್ದರು. ಮ್ಯಾನೇಜರು ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿ "ಹೂಂ" ಎಂದರು. ಆ ಹೂಂಕಾರಕ್ಕೆ ಅರ್ಥ ಕೇಳುವಷ್ಟು ಸೋಲಲಿಲ್ಲ ನಮ್ಮ ನಾಯಕರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಒಂದು ದೊಡ್ಡ ಟ್ಯಾಕ್ಸಿ ಬಂದು ಗಾಡಿಯ ಹಿಂದೆ ನಿಂತಿತು. ಇಳಿದವರು ಭಾವ, ಅವರ ಹೆಂಡತಿ, ಮೂರು ಮಕ್ಕಳು, ಭಾವನ ಅತ್ತೆ ಮತ್ತು ಅತ್ತೆಯ ಆರಾಮಕುರ್ಚಿ.

"ಅಣ್ಣಾ!" ಹೆಂಡತಿಯ ಆರು ವರ್ಷದ ಮುನಿಸು ಒಂದೇ ಕೂಗಿನಲ್ಲಿ ಕರಗಿತು.

"ಬೇಸಿಗೇಲಿ ನಮ್ಮೂರಲ್ಲಿ ಮನುಷ್ಯರು ಇರೋಕಾಗುತ್ತಾ ಭಾವ?" ಎಂದು ಹೆಂಡತಿಯ ಅಣ್ಣ ಕನ್ನಡಕದವರ ಭುಜ ತಟ್ಟಿದರು. "ಎಲ್ಲಿ ನೋಡಿದ್ರೂ ಇಂಥ ಗಾಡಿಗಳೇ. ನೀವು ಮನೆ ಖಾಲಿ ಅಂದ್ರಲ್ಲ, ತಕ್ಷಣ ನಮ್ಮ ಮನೇನ ಟೂರಿಸ್ಟರಿಗೆ ಬಾಡಿಗೆ ಕೊಟ್ಟು ಬಂದ್ವಿ. ಅಂಗಳಾನೂ ಸೇರಿಸಿ."

"ಬೆಟ್ಟ..." ಎಂದರು ಕನ್ನಡಕದವರು.

"ಬೆಟ್ಟಾನಾ? ಮುಂಚೆ ಕಿಟಕಿಯಿಂದಾನೇ ಕಾಣ್ತಿತ್ತು," ಎಂದರು ಭಾವನ ಹೆಂಡತಿ. "ಈಗ ಅಡ್ಡ ಒಂದು ಹೋಟೆಲ್ ಎದ್ದಿದೆ. 'ಬೆಟ್ಟದ ನೋಟ' ಅಂತ ಹೆಸರು."

"ಹೋಟೆಲ್ ಮೇಲೆ ಹತ್ತಿ ನೋಡ್ತೀನಿ! ಗಾಡೀನ ಹಳ್ಳದಲ್ಲಿ ಬೇಕಾದ್ರೂ ನಿಲ್ಲಿಸ್ತೀನಿ!" ಕನ್ನಡಕದವರು ಗುಡುಗಿದರು. "ನಾಳೆ ಬೆಳಗ್ಗೆ ಹೊರಡೋದೇ!"

"ಹೊರಡಿ," ಎಂದಳು ಹೆಂಡತಿ ಶಾಂತವಾಗಿ. "ಅಣ್ಣ ಬಂದಿದ್ದಾನೆ, ನಾನಂತೂ ಬರಲ್ಲ." ಗಾಡಿಯ ಕೀಲಿಯನ್ನು ಗಂಡನ ಅಂಗೈಯಲ್ಲಿಟ್ಟಳು. ಅದರ ಮೇಲೊಂದು ದಿಂಬನ್ನೂ ಇಟ್ಟಳು. "ಎರಡು ರೂಮು ಇಷ್ಟು ಜನಕ್ಕೇ ಸಾಲಲ್ಲ. ನಿಮ್ಮ ಹಾಸಿಗೆ ಗಾಡೀಲೇ ಇದೆಯಲ್ಲ."

ಮನೆಯೊಳಗೆ ಎರಡೂ ಫ್ಯಾನು ತಿರುಗತೊಡಗಿದವು. ಕನ್ನಡಕದವರು ತಲೆಯೆತ್ತಿಕೊಂಡೇ ಗಾಡಿ ಹತ್ತಿ, ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಬಿಗಿದುಕೊಂಡರು. ಮ್ಯಾನೇಜರು ಕಾಂಪೌಂಡಿಗೆ ಮೊಣಕೈ ಊರಿದರು.

"ಎಲ್ಲೀವರೆಗೆ ಬಂತು ಪ್ರಯಾಣ?"

"ನಿಮ್ಮ ಮುಖ ಇನ್ನೂ ಕಾಣ್ತಿದೆ. ಅಂದ್ರೆ ಊರು ದಾಟಿಲ್ಲ," ಎಂದು ಕನ್ನಡಕದವರು ಕಿಟಕಿಯ ಪರದೆಯನ್ನು ಫಟ್ಟನೆ ಎಳೆದರು.

ಪರದೆ ಕಂಬಿಯ ಸಮೇತ ಕೈಗೆ ಬಂತು.