ನಲವತ್ತೇಳನೆಯ ಗೂಟ

ಹೆಣ ಇರಿಸಲೆಂದು ಅಂಗಳದಲ್ಲಿ ಎಬ್ಬಿಸಿದ್ದ ಸಾವಿನ ಡೇರೆಯನ್ನು ಬಿಚ್ಚಿ ಲಾರಿಗೆ ಹೇರಿಕೊಂಡು ಹೋದ ಮೇಲೆ ಹುಲ್ಲಿನ ಮೇಲೆ ದುಂಡನೆಯ ಗುರುತೊಂದು ಉಳಿದಿತ್ತು. ಭಾನುವಾರ ಬೆಳಗ್ಗೆ ತಿನಾರಾ ಅಡುಗೆಮನೆಯ ಕಿಟಕಿಯಿಂದ ನೋಡಿದಾಗ ಆ ಗುರುತಿನ ಒಳಗೆ ಎರಡನೇ ಮಹಡಿಯವರು ಆಗಲೇ ತಮ್ಮ ಕಾರು ತಂದು ನಿಲ್ಲಿಸಿದ್ದರು. ಅವಳಿಗೆ ಸಿಟ್ಟು ಬರಲಿಲ್ಲ. ಬಿಷ್ಕೆಕ್‌ನಲ್ಲಿ ಹೆಣ್ಣು ಸಿಕ್ಕೀತು, ಕಾರಿಗೆ ಜಾಗ ಸಿಗದು ಎಂದು ತೀರಿಹೋದ ಗಂಡ ಎರ್ಮೆಕ್‌ನೇ ಹೇಳುತ್ತಿದ್ದ.

ಮೂರು ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವತ್ತು ಯಾರೂ ಇಲ್ಲ. ಚಹಾಕ್ಕೆ ಎರಡು ಬಟ್ಟಲು ತೆಗೆದಳು, ಒಂದನ್ನು ವಾಪಸ್ಸು ಇಟ್ಟಳು. ನೆಂಟರಿಗೆಂದು ಕರಿದ ಹಿಟ್ಟಿನ ತುಂಡುಗಳು, ಬೊರ್ಸೋಕ್, ಇನ್ನೂ ಒಂದು ಬೋಗುಣಿ ಉಳಿದಿತ್ತು. ಒಂದನ್ನು ಕಚ್ಚಿದಳು. ಅದೂ ಅವಳ ಹಾಗೆಯೇ ಕಲ್ಲಾಗಿತ್ತು.

ಮಾಡಬೇಕಾದ ಕೆಲಸ ಒಂದೇ. ಹೆಣಕ್ಕೆ ಸ್ನಾನ ಮಾಡಿಸಿದವರಿಗೆ ಸತ್ತವನ ಬಟ್ಟೆ ಕೊಡಬೇಕು. ಎರ್ಮೆಕ್‌ನ ಚಳಿಗಾಲದ ಕೋಟನ್ನು ಮಡಿಸುವ ಮುಂಚೆ ಜೇಬು ತಡಕಿದಳು. ಒಳಜೇಬಿನಲ್ಲಿ ಒಂದು ಅಲ್ಯೂಮಿನಿಯಂ ಬಿಲ್ಲೆ ಸಿಕ್ಕಿತು. ದಾರ ಪೋಣಿಸಲು ಒಂದು ತೂತು, ನಡುವೆ ಅಚ್ಚೊತ್ತಿದ ಅಂಕಿ: ನಲವತ್ತೇಳು.

ಮಣ್ಣಿಗೆ ಒಯ್ಯುವ ಮುಂಚೆ ಎರ್ಮೆಕ್‌ನ ಚಿಕ್ಕಪ್ಪ ಪದ್ಧತಿಯಂತೆ ನೆರೆದವರನ್ನೆಲ್ಲ ಕೇಳಿದ್ದರು: "ಯಾರದಾದ್ರೂ ವಸ್ತು ಇವನ ಹತ್ರ ಉಳಿದಿದ್ರೆ ಈಗಲೇ ಹೇಳಿಬಿಡಿ. ಹುಡುಗ ಹಗುರವಾಗಿ ಹೋಗಲಿ." ಒಬ್ಬ ಏಣಿ ಕೇಳಿದ. ಇನ್ನೊಬ್ಬ ಮಾಂಸದ ಹಂಡೆ ಕೇಳಿದ. ಒಬ್ಬ ಮುದುಕ, ಕುದುರೆ ಕಾಯಿಯೊಂದು ಕಳೆದುಹೋದ ಚದುರಂಗದ ಹಲಗೆ ಕೇಳಿದ. ಎಲ್ಲ ಕೊಟ್ಟಾಗಿತ್ತು. ಈ ಬಿಲ್ಲೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟದೆ ಕುಲಿಪಾ ಎಜೆ ಒಳಗೆ ಬಂದಳು. ಪಕ್ಕದ ಮನೆಯವಳು, ಎರ್ಮೆಕ್‌ನ ತಾಯಿಯ ಗೆಳತಿಯಾಗಿದ್ದವಳು; ಹಿರಿಯಳೆಂದು ಎಲ್ಲರೂ ಎಜೆ, ಅಂದರೆ ಅಕ್ಕ, ಎನ್ನುತ್ತಿದ್ದರು. ಪ್ರತಿ ಭಾನುವಾರ ಹನ್ನೊಂದಕ್ಕೆ ಬಂದರೆ ಮೂರಕ್ಕೆ ಏಳುವವಳು, ಇವತ್ತು ಒಂಬತ್ತಕ್ಕೇ ಬಂದಿದ್ದಳು.

"ಏನೇ ಅದು ಕೈಯಲ್ಲಿ? ಕೊಡು ಇಲ್ಲಿ." ಎಜೆ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದು ಕೋಟು ಇಟ್ಕೊಳೋರ ಬಿಲ್ಲೆ ಕಣೇ. ಮ್ಯೂಸಿಯಂ, ಚಿತ್ರಶಾಲೆ, ಅಂಥ ಕಡೆ ಕೋಟು ಬಿಚ್ಚಿಕೊಟ್ರೆ ಇದನ್ನ ಕೊಡ್ತಾರೆ. ಟ್ರಾಲಿಬಸ್ ರಿಪೇರಿ ಮಾಡೋನಿಗೆ ಅಲ್ಲೇನು ಕೆಲಸ?"

ತಿನಾರಾಳಿಗೂ ಅದೇ ಪ್ರಶ್ನೆ. ಚರಿತ್ರೆ ಓದಿದವಳು ಅವಳು. ಮದುವೆಯಾದ ಹೊಸದರಲ್ಲಿ ಗಂಡನನ್ನು ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದಳು. ಎರಡು ಸಾವಿರ ವರ್ಷದ ಮಡಕೆಯೊಂದರ ಮುಂದೆ ಎರ್ಮೆಕ್ ಆಕಳಿಸಿದ ರಭಸಕ್ಕೆ ಕಾವಲಿನ ಹೆಂಗಸು ಓಡಿಬಂದು ಮಡಕೆಯನ್ನು ಹಿಡಿದುಕೊಂಡಿದ್ದಳು. ಆಮೇಲೆ ತಿನಾರಾ ಅವನನ್ನು ಕರೆದಿರಲಿಲ್ಲ.

"ಭಾನುವಾರ ಎಲ್ಲಿಗೆ ಹೋಗ್ತಿದ್ದ ಅವನು?" ಎಜೆ ಕೇಳಿದಳು.

"ಗ್ಯಾರೇಜಿಗೆ. ಕಾರು ರಿಪೇರಿಗೆ."

"ಮೂರು ವರ್ಷದಿಂದ ರಿಪೇರಿ! ಆ ಕಾರು ಒಂದು ಸಲನಾದ್ರೂ ಕೆಮ್ಮಿದ್ದು ಕೇಳಿದೀಯಾ?"

"ವಾಪಸ್ ಬಂದಾಗ ಅವನ ಕೋಟು ಬೆಚ್ಚಗಿರ್ತಿತ್ತು ಎಜೆ. ತಂದೂರಿಂದ ಆಗತಾನೆ ತೆಗೆದ ರೊಟ್ಟಿ ಥರ." ಹೇಳಿದ ಮೇಲೆ ತಿನಾರಾ ತುಟಿ ಕಚ್ಚಿಕೊಂಡಳು.

ಎಜೆಯ ಕಿವಿ ನಿಮಿರಿತು. "ಗ್ಯಾರೇಜಲ್ಲಿ ಒಲೆ ಇದೆಯಾ?"

"ಇಲ್ಲ."

"ಹಾಗಾದ್ರೆ ಬೇರೆ ಯಾರದೋ ಮನೇಲಿ ಇದೆ."

ಮೂರು ದಿನದಿಂದ ತಿನಾರಾಳಿಗೆ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು, ಬೇಡದ್ದೇ ಅನ್ನಿಸಿತು.

"ಏಳು, ಕೋಟು ಹಾಕ್ಕೋ."

"ನಲವತ್ತು ದಿನ ನಾನು ಹೊರಗೆ ಹೋಗೋ ಹಾಗಿಲ್ವಲ್ಲ ಎಜೆ."

"ತಿರುಗಾಡೋಕೆ ಹೋಗೋ ಹಾಗಿಲ್ಲ. ಸತ್ತೋನು ತಂದಿದ್ದನ್ನ ವಾಪಸ್ ಕೊಡೋಕೆ ಹೋಗಬಹುದು. ಹೋಗಲೇಬೇಕು. ಆ ಒಲೆ ಯಾರದು ಅಂತ ನಂಗೂ ನೋಡಬೇಕು."

ಮೊದಲು ದೊಡ್ಡ ಮ್ಯೂಸಿಯಮ್ಮಿಗೆ ಹೋದರು. ಕೋಟು ಕಾಯುವ ಹೆಂಗಸು ಹೆಣಿಗೆಯಿಂದ ತಲೆ ಎತ್ತಲಿಲ್ಲ. ತಿನಾರಾ ಬಾಯಿ ತೆರೆಯುವ ಮುಂಚೆಯೇ ಅಂಕಿ ನೋಡಿ, ಒಳಗೆ ಹೋಗಿ, ನರಿ ತುಪ್ಪಳದ ಕೊರಳಪಟ್ಟಿಯಿದ್ದ ಕೋಟೊಂದನ್ನು ತಂದು ಅವಳ ತೋಳಿಗೆ ಹಾಕಿದಳು.

"ಹೆಂಗಸಿನ ಕೋಟು!" ಎಜೆ ಎರಡೂ ಕೈಯಿಂದ ಎದೆ ಬಡಿದುಕೊಂಡಳು. ಆಮೇಲೆ ಮೂಗು ಹತ್ತಿರ ತಂದು, "ಅತ್ತರು ಬೇರೆ! ಒಳಜೇಬು ನೋಡು, ಕಾಗದ ಇರುತ್ತೆ" ಎಂದು ಕೈ ತೂರಿಸಿದಳು.

"ಅಯ್ಯೋ ಕಳ್ಳರು! ನನ್ನ ಕೋಟು!" ಮೆಟ್ಟಿಲ ಮೇಲಿಂದ ದಪ್ಪನೆಯ ಹೆಂಗಸೊಬ್ಬಳು ಹಿಮಪಾತದಂತೆ ಇಳಿದುಬಂದಳು. ಅವಳ ಕೈಯಲ್ಲೂ ಒಂದು ನಲವತ್ತೇಳಿತ್ತು. ಒಂದು ತೋಳು ಅವಳು ಹಿಡಿದಳು, ಇನ್ನೊಂದನ್ನು ಎಜೆ ಬಿಡಲಿಲ್ಲ. "ಯಾವಾಗಿಂದ ಪರಿಚಯ ಅವನದು? ಹೇಳು!" "ಯಾರದು ಪರಿಚಯ? ಬಿಡೇ ತೋಳು!" ಒಳಗಿನ ಅಸ್ತರು ಪರ್ರೆಂದಿತು. ಕಾವಲುಗಾರ ಸೀಟಿ ಊದಿದ. ಅಷ್ಟು ಹೊತ್ತಿಗೆ ಹೆಣಿಗೆಯವಳು ಕನ್ನಡಕ ಹಾಕಿಕೊಂಡು, "ನಮ್ಮ ಬಿಲ್ಲೆ ಹಸಿರು ಪ್ಲಾಸ್ಟಿಕ್ಕು. ಇದು ನಮ್ಮದಲ್ಲ" ಎಂದಳು. ಬೀದಿಗೆ ಬಂದು ಬಿದ್ದಾಗ ತಿನಾರಾಳ ಕರಿಯ ತಲೆವಸ್ತ್ರ ಕಿವಿಯ ಮೇಲೆ ಜಾರಿತ್ತು. ಎಜೆಯ ಬೆರಳಲ್ಲಿ ಒಂದು ಹಿಡಿ ನರಿಯ ಕೂದಲಿತ್ತು.

ಓಕ್ ಮರಗಳ ಉದ್ಯಾನದಲ್ಲಿ ಸುಧಾರಿಸಿಕೊಳ್ಳಲು ಕೂತರು. ಕಲ್ಲಿನ ವಿಗ್ರಹಗಳ ನಡುವೆ ಮುದುಕರು ಚದುರಂಗ ಆಡುತ್ತಿದ್ದರು. ಅವರಲ್ಲೊಬ್ಬ ಮಣ್ಣಿನ ದಿನ ಹಲಗೆ ಕೇಳಿದ್ದ ಮುದುಕನೇ. ಕಳೆದುಹೋದ ಕುದುರೆಯ ಜಾಗದಲ್ಲಿ ಒಂದು ಅಕ್ರೋಟು ಇಟ್ಟುಕೊಂಡಿದ್ದ. ಎಜೆ ಅವನ ಮೂಗಿನ ಕೆಳಗೆ ಬಿಲ್ಲೆ ಹಿಡಿದಳು.

"ಹಮಾಮಿಂದು, ಸ್ನಾನದ ಮನೇದು," ಎಂದ ಅವನ ಎದುರಾಳಿ. "ಎರಡನೇ ಬಾಗಿಲಲ್ಲಿ ಕೊಡ್ತಾರೆ. ಗಂಡ ಹೆಂಡತಿ ಕೋಣೆ."

ತಿನಾರಾ ಕಣ್ಣು ಮುಚ್ಚಿಕೊಂಡಳು.

"ಸುಮ್ನಿರೋ, ನೀನು ಹಮಾಮಿಗೆ ಹೋಗಿ ಎಷ್ಟು ವರ್ಷ ಆಯ್ತು ಅಂತ ಪಕ್ಕದಲ್ಲಿ ಕೂತಿರೋ ನಂಗೆ ಗೊತ್ತಾಗಲ್ವಾ?" ಎಂದು ಚದುರಂಗದ ಮುದುಕ ಬಿಲ್ಲೆಯನ್ನು ತಿರುಗಿಸಿದ. "ಇದು ಮೂಲೆ ಚಿತ್ರಶಾಲೆದು ಮಗಳೇ. ನಾನು ದಿನಾ ಹೋಗ್ತೀನಿ. ಅಲ್ಲಿ ಪಾಯಖಾನೆ ಬಹಳ ಚೊಕ್ಕಟ."

ಚಿತ್ರಶಾಲೆಯ ಕೋಟಿನ ಕಟ್ಟೆಯ ಹಿಂದೆ ಜಿನೈದಾ ಪಾವ್ಲೊವ್ನಾ ಕೂತಿದ್ದಳು. ಎಪ್ಪತ್ತು ವರ್ಷ, ಬೆಳ್ಳಗಿನ ಜಡೆ, ಹೆಗಲಿಗೆ ಶಾಲು. ತಿನಾರಾ ಬಿಲ್ಲೆಯನ್ನು ಕಟ್ಟೆಯ ಮೇಲಿಟ್ಟಳು. ಮುದುಕಿ ಅದನ್ನು ನೋಡಿದ್ದೇ ಗಡಿಯಾರದ ಕಡೆ ತಿರುಗಿದಳು.

"ಹನ್ನೆರಡಾಯ್ತು. ಎಲ್ಲಿ ಅವನು? ಇವತ್ತು ಯಾಕೆ ತಡ?"

ಎಜೆ ತಿನಾರಾಳ ಪಕ್ಕೆಗೆ ತಿವಿದು ಮುಂದೆ ಬಂದಳು. "ಯಾರ ಜೊತೆ ಬರ್ತಿದ್ದ?"

"ಜೊತೆಗಾ? ದಿಂಬಿನ ಜೊತೆ." ಮುದುಕಿ ಕಟ್ಟೆಯ ಕೆಳಗಿಂದ ನೀಲಿ ಹೂವಿನ ಸಣ್ಣ ದಿಂಬೊಂದನ್ನು ತೆಗೆದಳು. ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ತನ್ನ ಸೋಫಾದ ದಿಂಬನ್ನು ತಿನಾರಾ ತಕ್ಷಣ ಗುರುತಿಸಿದಳು. "ಐದನೇ ಕೋಣೇಲಿ ದೊಡ್ಡ ಚಿತ್ರದ ಮುಂದೆ ಬೆಂಚಿದೆ. ಹನ್ನೊಂದಕ್ಕೆ ಕಾಲು ಗಂಟೆ ಇರೋವಾಗ ಬರೋನು, ಮೂರು ಹೊಡೆದ ಮೇಲೆ ಏಳೋನು. ಮಧ್ಯೆ ಗೊರಕೆ. ಒಂದು ಸಲ ಪ್ರವಾಸಿಗಳು ಅವನೂ ಪ್ರದರ್ಶನಕ್ಕೆ ಇಟ್ಟಿರೋದು ಅಂದ್ಕೊಂಡು ಸುತ್ತ ನಿಂತು ಫೋಟೊ ತೆಗೆದ್ರು."

"ಮತ್ತೆ ಕೋಟು?" ತಿನಾರಾ ಕೇಳಿದಳು. "ಕೋಟು ಯಾಕೆ ಬೆಚ್ಚಗಿರ್ತಿತ್ತು?"

"ನಲವತ್ತೇಳನೇ ಗೂಟದ ಹಿಂದೇನೇ ಬಿಸಿನೀರಿನ ಕೊಳವೆ ಹೋಗಿದೆಯಲ್ಲಮ್ಮ. ಆ ಗೂಟಕ್ಕೆ ಎಲ್ರೂ ಹೊಡೆದಾಡ್ತಾರೆ. ನನ್ನ ಕುರ್ಚಿ ಕಾಲು ಸರಿಮಾಡಿ ಕೊಟ್ಟ ಅಂತ ಬಿಲ್ಲೇನ ಅವನ ಹತ್ರಾನೇ ಇಟ್ಕೋ ಅಂದೆ. ಎರವಲು ಅಂತ ಹೇಳೇ ಕೊಟ್ಟಿದ್ದೆ. ನೀನು ಯಾರು?"

"ಅವನ ಹೆಂಡತಿ. ಬುಧವಾರ ತೀರಿಹೋದ."

ಮುದುಕಿ ಕನ್ನಡಕ ತೆಗೆದಳು. ಎದ್ದು ಬಂದು ತಿನಾರಾಳ ಕೋಟು ಬಿಚ್ಚಿಸಿ, ಒಯ್ದು ನಲವತ್ತೇಳನೆಯ ಗೂಟಕ್ಕೆ ನೇತುಹಾಕಿದಳು. ಬಿಲ್ಲೆಯನ್ನು ಅವಳ ಕೈಗೇ ಮತ್ತೆ ಕೊಟ್ಟಳು.

"ಮನೇಲಿ ಮಲಗೋಕೆ ಏನಾಗಿತ್ತಂತೆ?" ಎಜೆ ಬಿಡಲಿಲ್ಲ.

"ಪಕ್ಕದ ಮನೆ ಹೆಂಗಸೊಬ್ಬಳು ಭಾನುವಾರ ಬಂದು ಕೂರ್ತಾಳಂತೆ. ತನ್ನ ಪಿತ್ತಕೋಶದ ಕಲ್ಲಿನ ಕಥೆ ನಾಲ್ಕು ಗಂಟೆ ಹೇಳ್ತಾಳಂತೆ. 'ನನ್ನ ಹೆಂಡತಿಗೆ ಅವಳಂದ್ರೆ ಪ್ರಾಣ, ಬರಬೇಡಿ ಅನ್ನೋಕಾಗಲ್ಲ' ಅಂತಿದ್ದ, ಪಾಪ."

ತಿನಾರಾ ಕಟ್ಟೆಯ ಅಂಚು ಹಿಡಿದುಕೊಂಡಳು. ಮೂರು ವರ್ಷ, ಪ್ರತಿ ಭಾನುವಾರ, ಆ ಕಲ್ಲಿನ ಕಥೆಯನ್ನು ಹಲ್ಲು ಕಚ್ಚಿ ಕೇಳಿದ್ದಳು: ಅತ್ತೆಯ ಗೆಳತಿ, ಎರ್ಮೆಕ್‌ಗೆ ಬೇಕಾದವಳು, ಬರಬೇಡಿ ಅನ್ನೋಕಾಗಲ್ಲ ಎಂದು. ನಗು ಬಂತು. ಗಂಡ ಸತ್ತು ನಾಲ್ಕು ದಿನಕ್ಕೆ ನಗುವುದೇ! ತಲೆವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ಹೆಗಲು ಕುಲುಕಿದವು, ಕಣ್ಣಲ್ಲಿ ನೀರು ಸುರಿಯಿತು.

"ಅತ್ತುಬಿಡು ಮಗಳೇ!" ಎಂದು ಎಜೆ ಅವಳನ್ನು ತಬ್ಬಿಕೊಂಡು, ತಾನೇ ಮೇಲುದನಿಯಲ್ಲಿ ಸಾವಿನ ಹಾಡು ಎತ್ತಿಕೊಂಡಳು. ಎತ್ತರದ ಚಾವಣಿಗೆ ಬಡಿದು ಹಾಡು ಮೂರು ಪಟ್ಟಾಯಿತು. ಚಿತ್ರ ನೋಡುತ್ತಿದ್ದವರೆಲ್ಲ ಇಳಿದುಬಂದು ತಲೆಬಾಗಿ ನಿಂತರು. ಹಾಡು ಮುಗಿದಾಗ ಪಾಯಖಾನೆಗೆ ಬಂದಿದ್ದ ಚದುರಂಗದ ಮುದುಕ ಅಂಗೈ ಎತ್ತಿ ಪ್ರಾರ್ಥನೆ ಹೇಳಿದ. ಎಲ್ಲರೂ ಮುಖ ಸವರಿಕೊಂಡರು.

ಎಜೆ ಮೂಗು ಒರೆಸಿಕೊಂಡು ಗಂಭೀರಳಾದಳು. "ಆ ಹೆಂಗಸು ಯಾರು ಅಂತ ನಂಗೊತ್ತಾಯ್ತು."

ತಿನಾರಾ ಬಾಯಿಂದ ತಲೆವಸ್ತ್ರ ತೆಗೆದಳು.

"ನಾಲ್ಕನೇ ಮಹಡಿ ಬುರ್ಮಾಕಾನ್! ಅವಳಿಗೂ ಕಲ್ಲಿತ್ತು, ನಂದಕ್ಕಿಂತ ಚಿಕ್ಕದು. ನಾನಿಲ್ಲದ ಹೊತ್ತು ನೋಡಿ ಬರ್ತಿದ್ಲಾ? ನಂಗೆ ಒಂದು ಮಾತು ಹೇಳಿದ್ರೆ ಓಡಿಸ್ತಿರಲಿಲ್ವಾ?"

ತಿನಾರಾ ದಿಂಬು ಎತ್ತಿಕೊಂಡು ಐದನೆಯ ಕೋಣೆಗೆ ಹೋದಳು. ದೊಡ್ಡ ಚಿತ್ರದಲ್ಲಿ ಮಧ್ಯಾಹ್ನದ ಬೆಟ್ಟದ ಇಳಿಜಾರಿನ ತುಂಬ ಕುರಿಗಳು ಮಲಗಿದ್ದವು. ಎದುರಿಗೆ ಬೆಂಚು. ಅದರ ಒಂದು ತುದಿ ಸವೆದು ನುಣುಪಾಗಿತ್ತು. ಅಲ್ಲಿ ಕೂತಳು. ಎಷ್ಟು ನಿಶ್ಶಬ್ದ! ಒಲೆ ಯಾರ ಮನೆಯಲ್ಲೂ ಇರಲಿಲ್ಲ. ನಲವತ್ತು ಕಳೆದ ಮೇಲೆ ಪ್ರತಿ ಭಾನುವಾರ ಬರಬಹುದು, ಹನ್ನೊಂದಕ್ಕೆ ಕಾಲು ಗಂಟೆ ಇರುವಾಗ. ಬಿಲ್ಲೆ ಹೇಗೂ ಕೈಯಲ್ಲಿದೆ. ಗಂಡ ಹೋದ ಮೇಲೆ ಅವಳು ನಾಳೆಯ ಬಗ್ಗೆ ಯೋಚಿಸಿದ್ದು ಅದೇ ಮೊದಲು.

ಬೆಂಚು ಕಿರ್ರೆಂದಿತು. ಪಕ್ಕದಲ್ಲಿ ಎಜೆ ಕೂತಿದ್ದಳು.

"ಎಷ್ಟು ಬೆಚ್ಚಗಿದೆ ಕಣೇ ಇಲ್ಲಿ! ನಿನ್ನ ಒಂಟಿಯಾಗಿ ಬಿಡೋಕಾಗುತ್ತಾ? ನಲವತ್ತು ಕಳೀಲಿ, ಆಮೇಲೆ ಪ್ರತಿ ಭಾನುವಾರ ಇಬ್ರೂ ಇಲ್ಲಿಗೇ ಬರೋಣ. ಮನೇಲಾದ್ರೆ ಆ ಬುರ್ಮಾಕಾನ್ ಕಾಟ. ಅಂದಹಾಗೆ, ಕಲ್ಲು ತೆಗೆದ ದಿನ ಡಾಕ್ಟರು ನಂಗೇನಂದ್ರು, ಹೇಳಿದೀನಾ?"

"ಹೇಳಿದೀರ ಎಜೆ."

"ಪೂರ್ತಿ ಹೇಳಿಲ್ಲ."

ಮೂರು ಹೊಡೆದ ಮೇಲೆ ಕೆಳಗಿಳಿದರು. ಎಜೆ ಕಟ್ಟೆಯ ಮೇಲೆ ಮೊಣಕೈ ಊರಿ, ನಲವತ್ತೆಂಟನೆಯ ಗೂಟ ಇನ್ನುಮುಂದೆ ತನಗಿರಲಿ ಎಂದು ಆಗಲೇ ಮಾತಿಗಿಳಿದಿದ್ದಳು. ಜಿನೈದಾ ಪಾವ್ಲೊವ್ನಾ ತಿನಾರಾಳ ಕೋಟು ತಂದು ಹೊದಿಸಿದಳು. ಅದು ಬೆನ್ನಿನುದ್ದಕ್ಕೂ ಬೆಚ್ಚಗಿತ್ತು, ಎರ್ಮೆಕ್ ಬಾಗಿಲಲ್ಲಿ ನಿಂತು ಅಪ್ಪಿಕೊಂಡಾಗಿನ ಹಾಗೆ.

"ಬಿಲ್ಲೆ ನೀನೇ ಇಟ್ಕೋ ಮಗಳೇ," ಎಂದಳು ಮುದುಕಿ.

ತಿನಾರಾ ಒಮ್ಮೆ ಎಜೆಯ ಕಡೆ ನೋಡಿದಳು. ಆಮೇಲೆ ನಲವತ್ತೇಳನ್ನು ಮುದುಕಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಬೇಡ. ಎರವಲು ತಂದಿದ್ದು, ಕೊಟ್ಟುಬಿಟ್ಟೆ."