ಗುರುಲಿಂಗಪ್ಪನವರ ಕೂಲರ್ ಮತ್ತು ಒಳಚಪ್ಪಲಿ ನಿಯಮಾವಳಿ

ಶಹಾಬಾದಿನ ನಮ್ಮ ಓಣಿಯ ಗುರುಲಿಂಗಪ್ಪನವರ ಮನೆಯಲ್ಲಿ ವಿದ್ಯುತ್ತಿಗೆ ಯಾವ ಅಡೆತಡೆಯೂ ಇಲ್ಲವೆಂದು ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ. ಅದು ಕೂಲರಿನ ಫ್ಯಾನಿಗೂ ಹರಿಯುತ್ತದೆ, ಕೂಲರಿನ ತಗಡಿಗೂ ಹರಿಯುತ್ತದೆ. ಭೇದಭಾವ ಮಾಡುವುದಿಲ್ಲ.

ನಿವೃತ್ತ ಗುಮಾಸ್ತರಾದ ಅವರು ವೈರಿಂಗಿಗೆ ಪರರನ್ನು ಕರೆಯುವವರಲ್ಲ. ಫ್ಯೂಸ್ ಪದೇಪದೇ ಹೋಗುತ್ತಿತ್ತು. ಅದಕ್ಕೆ ಸೆಂಟ್ರಿಂಗಿನವರು ಕಂಬಿ ಬಿಗಿಯುವ ದಪ್ಪ ತಂತಿ ಸುತ್ತಿದರು, ಆಮೇಲೆ ಅದು ಹೋಗುವ ಮಾತೇ ಎತ್ತಲಿಲ್ಲ. ಅರ್ಥಿಂಗ್ ಎಂದರೆ ತಂತಿಯನ್ನು ನೆಲಕ್ಕೆ ಸೇರಿಸುವುದೆಂದು ಎಲ್ಲೋ ಕೇಳಿದ್ದರು. ನಮ್ಮೂರಲ್ಲಿ ನೆಲವೆಂದರೆ ಹಾಸಿದ ಪರಸಿ ಕಲ್ಲು. ಪಡಸಾಲೆಯ ಒಂದು ಕಲ್ಲೆತ್ತಿ, ತಂತಿಯ ತುದಿಯನ್ನು ಅದರಡಿ ಇಟ್ಟು, ಮೇಲೆ ನಿಂತು ಎರಡು ಸಲ ಒತ್ತಿದರು. ಅರ್ಥಿಂಗ್ ಆಯಿತು.

ಸೊಸೆ ಉಮಾದೇವಿ ನೆಲ ಒರೆಸುವಾಗ ಕೂಲರ್ ಮುಟ್ಟಿ ಮಾರು ದೂರ ಹಾರಿದಳು.

"ಮಾವಾರ, ಕೂಲರ್ ಝುಂ ಅಂತದ್ರಿ. ವೈರಿಂಗ್ ಮಾಡೋ ಕಲೀಮ್ ಅಣ್ಣಗ ಕರೀರಿ."

"ಬರಿಗಾಲಲ್ಲಿ ಯಾಕ ಮುಟ್ಟಿದಿ ತಾಯಿ? ಕೂಲರ್ ಛಲೋ ಅದ. ತಪ್ಪು ಕಾಲಿಂದು."

ಈ ಘಟನೆಯ ತರುವಾಯ ಓಣಿಯ ವಿದ್ಯುತ್ ಸುರಕ್ಷತಾ ಸಮಿತಿ ಅಸ್ತಿತ್ವಕ್ಕೆ ಬಂತು. ಶಾಕ್ ಹೊಡೆಸಿಕೊಂಡ ಅನುಭವ ಎಲ್ಲರಿಗಿಂತ ಹೆಚ್ಚಿದ್ದುದರಿಂದ ಗುರುಲಿಂಗಪ್ಪನವರೇ ಅಧ್ಯಕ್ಷರು. ಅಕ್ಷರ ದುಂಡಗಿದೆಯೆಂದು ನಾನು ಕಾರ್ಯದರ್ಶಿ. ಮೊದಲ ಸಭೆಯಲ್ಲೇ ಒಳಚಪ್ಪಲಿ ನಿಯಮಾವಳಿ ಜಾರಿಯಾಯಿತು: ಮನೆಯೊಳಗೆ ಸರ್ವರೂ ರಬ್ಬರ್ ಚಪ್ಪಲಿ ಧರಿಸತಕ್ಕದ್ದು, ಹೊರಗಿನ ಚಪ್ಪಲಿ ಒಳಗೆ ತರತಕ್ಕದ್ದಲ್ಲ, ಒಳಗಿನ ಚಪ್ಪಲಿ ಕುಟುಂಬಸ್ಥರ ಹೊರತು ಅನ್ಯರಿಗೆ ಕೊಡತಕ್ಕದ್ದಲ್ಲ. ಮನೆಯೊಳಗೆ ಚಪ್ಪಲಿಯೇ ಎಂದು ಮೂಗು ಮುರಿದ ಅಧ್ಯಕ್ಷರ ಹೆಂಡತಿ ಶರಣಬಸಮ್ಮನವರು, ಪ್ರತಿ ಸೋಮವಾರ ಅವನ್ನು ತೊಳೆದಿಡುವ ಷರತ್ತಿನ ಮೇಲೆ ಗಂಡನಿಗೆ ಒಪ್ಪಿಗೆ ಕೊಟ್ಟರು.

ಎಲ್ಲವೂ ಸುಗಮವಾಗಿತ್ತು. ಅಷ್ಟರಲ್ಲಿ ಉಮಾದೇವಿಯ ಮಗಳು ಶ್ರುತಿ, ಸಮಿತಿಗೆ ಮುನ್ಸೂಚನೆ ನೀಡದೆ, ಅಂಬೆಗಾಲಿಡಲು ಶುರುಮಾಡಿದಳು. ಹೊರಟಿದ್ದು ನೇರ ಕೂಲರಿನ ಕಡೆಗೆ.

ಉಮಾದೇವಿ ತಾನೇ ಎಲೆಕ್ಟ್ರಿಷಿಯನ್ ಕಲೀಮನನ್ನು ಕರೆಸಿದಳು. ಬಾಗಿಲಲ್ಲಿ ತೊಡಕಾಯಿತು. ಅವನ ಚಪ್ಪಲಿ ಹೊರಗಿನದು, ಒಳಗೆ ಬರುವಂತಿಲ್ಲ, ಬರಿಗಾಲಲ್ಲಿಯೂ ಬರುವಂತಿಲ್ಲ, ಅವನು ಕುಟುಂಬಸ್ಥನಲ್ಲ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟೆವು.

"ಚಪ್ಪಲಿ ಮಾತು ಬಿಡ್ರಿ ಕಾಕಾ," ಎಂದ ಕಲೀಮ್. "ಹೊಸಾ ಅರ್ಥಿಂಗ್ ಮಾಡ್ಬೇಕು, ಫ್ಯೂಸ್ ಬದಲಿ ಮಾಡ್ಬೇಕು. ಅಲ್ಲೀತನಾ ಸಾಕೆಟ್ಟಿನಿಂದ ಕೂಲರಿನ ಪಿನ್ನರ ಕಿತ್ತಿಡ್ರಿ. ಕೂಸಿನ ಜೀವದ ಮಾತದ."

"ಪಿನ್ ಕಿತ್ತರ ಸೆಖಿ ಆಗ್ತದಲ್ಲೋ!" ಎಂದರು ಅಧ್ಯಕ್ಷರು.

ಸಮಿತಿ ತುರ್ತಾಗಿ ಸೇರಿ, ಮಗುವಿನ ಎರಡು ಕೈಗೆ ಎರಡು, ಎರಡು ಮೊಣಕಾಲಿಗೆ ಎರಡು ಚಪ್ಪಲಿ ಮಂಜೂರು ಮಾಡಿತು. ಉಮಾದೇವಿಯ ಮುಖ ನೋಡಿ ನಾನು ಒಂದು ಆಕ್ಷೇಪಣೆ ಬರೆಯಹೊರಟೆ. ಆದರೆ ಆಕ್ಷೇಪಣೆಗೆ ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ.

ಮರುದಿನ, ಬಾಗಿಲಾಚೆ ನೆರೆದ ಓಣಿಯ ಸಮಕ್ಷಮ, ಉದ್ಘಾಟನೆ ನಡೆಯಿತು. ಶ್ರುತಿ ನಾಲ್ಕು ಚಪ್ಪಲಿಗಳೊಂದಿಗೆ ಎರಡು ಹೆಜ್ಜೆ ಸರಿದು, ಕುಳಿತು, ಬಲಗೈಯದನ್ನು ಕಿತ್ತು ಬಾಯಿಗಿಟ್ಟುಕೊಂಡಳು.

"ನೋಡ್ರಿ, ಬಾಯಿಗೂ ಬಂದೋಬಸ್ತ್ ಮಾಡ್ಕೊಂಡಾಳ!" ಎಂದು ಅಜ್ಜ ಹಿಗ್ಗಿದರು. ನಾವು ಚಪ್ಪಾಳೆ ತಟ್ಟುತ್ತಿರುವಾಗಲೇ ಮಗು ಬರಿಗೈಯನ್ನು ಕೂಲರಿನ ತಗಡಿಗೆ ಅಂಟಿಸಿಬಿಟ್ಟಿತು.

ಚಪ್ಪಾಳೆ ಅರ್ಧಕ್ಕೇ ನಿಂತಿತು. ಮಗು ನಕ್ಕಿತು.

ಗುರುಲಿಂಗಪ್ಪನವರು ತಾವೂ ಮುಟ್ಟಿದರು. ಚಪ್ಪಲಿ ಬಿಟ್ಟು ಮುಟ್ಟಿದರು. ಏನೂ ಆಗಲಿಲ್ಲ. ಚಪ್ಪಲಿಗಳ ಪ್ರಭಾವದಿಂದ ಕೂಲರ್ ಸುಧಾರಿಸಿದೆಯೆಂದು ಸ್ಥಳದಲ್ಲೇ ಘೋಷಿಸಲಾಯಿತು.

"ಆದ್ರ ಗಾಳಿ ಯಾಕ ಬರ್ವಲ್ದು, ಉಮಾ?"

"ಶಾಕ್ ಹೊಡೀಲಾರದ ಕೂಲರಿನ ಗಾಳಿ ಹಿಂಗೇ ಇರ್ತದ್ರಿ ಮಾವಾರ," ಎಂದಳು ಉಮಾದೇವಿ. ಕೂಲರಿನ ವೈರಿನಿಂದ ಕತ್ತರಿಸಿ ತೆಗೆದ ಪಿನ್ ಅವಳ ಸೆರಗಿನ ಗಂಟಿನಲ್ಲಿತ್ತು. ನನಗೆ ಕಾಣಿಸಿತು, ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ನಡಾವಳಿಯಲ್ಲಿ ಬರೆಯಲಿಲ್ಲ.

ಅಧ್ಯಕ್ಷರು ಯೋಚಿಸಿ ತಲೆದೂಗಿದರು. ಅಂದಿನಿಂದ ಸಮಿತಿಯ ಸಭೆಗಳು ಆ ಕೂಲರಿನ ಎದುರೇ ನಡೆಯುತ್ತಿವೆ. ಎಲ್ಲರೂ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತ, ಈ ಬೇಸಿಗೆಯಲ್ಲಿ ಕೂಲರ್ ಎಷ್ಟು ಛಲೋ ನಡೆಯುತ್ತಿದೆಯೆಂದು ಹೊಗಳುತ್ತೇವೆ. ತಮ್ಮ ಮನೆಯ ಕೂಲರಿಗೂ ಹಾಗೇ ಮಾಡಿಕೊಡಬೇಕೆಂದು ಓಣಿಯ ಹೆಂಗಸರು ಉಮಾದೇವಿಯನ್ನು ಕೇಳಿಕೊಂಡಿದ್ದಾರೆ.