ಮೊಸರಿದ್ದ ಫ್ರಿಡ್ಜಿನಲ್ಲಿ ಕಿಣ್ವಕ್ಕೆ ಜಾಗವಿಲ್ಲ

ಯಲ್ಲಾಲಿಂಗನ ಸಂಕಟಕ್ಕೆ ಮೂಲ ಪ್ರಿನ್ಸಿಪಾಲರ ಮೊಸರು.

ರಾಯಚೂರಿನ ಆ ಖಾಸಗಿ ಕಾಲೇಜಿನ ಲ್ಯಾಬಿನಲ್ಲಿ ಇದ್ದದ್ದು ಒಂದೇ ಫ್ರಿಡ್ಜು. ಅದರಲ್ಲಿ ಪ್ರಿನ್ಸಿಪಾಲ ಶಂಭುಲಿಂಗಪ್ಪನವರ ಮೊಸರು, ಮಜ್ಜಿಗೆ, ದ್ರಾಕ್ಷಿ ಸಂಸಾರ ಹೂಡಿದ್ದವು.

"ಲೇ ಯಲ್ಲಾಲಿಂಗ, ನಿನ್ನ ಬ್ಯಾಕ್ಟೀರಿಯಾ ನನ್ನ ಮಸರಿಗೆ ಬಿದ್ದರ ಏನ್ ಗತಿಯೋ?" ಎಂದಿದ್ದರು ಅವರು. ಮೊಸರೂ ಬ್ಯಾಕ್ಟೀರಿಯಾದ ಕೂಸೇ ಎನ್ನುವ ಧೈರ್ಯ, ವರ್ಷಕ್ಕೊಮ್ಮೆ ಕೆಲಸ ಹೋಗಿ ಬರುವ ಅತಿಥಿ ಉಪನ್ಯಾಸಕನಿಗೆ ಎಲ್ಲಿಂದ ಬರಬೇಕು?

ಥಂಡಿಯಲ್ಲಿ ಇಡಬೇಕಾಗಿದ್ದದ್ದು ಅವನು ಆರು ತಿಂಗಳು ಬ್ಯಾಕ್ಟೀರಿಯಾ ಸಾಕಿ ತೆಗೆದ ಕಿಣ್ವ, ಇದ್ದದ್ದೇ ಒಂದು ಸೀಸೆ. ಗ್ಲೂಕೋಸನ್ನು ಇನ್ನೂ ಸಿಹಿಯಾದ ಫ್ರಕ್ಟೋಸ್ ಮಾಡುತ್ತದೆ, ಫ್ರಕ್ಟೋಸನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಪಕ್ಷ ಬದಲಿಸುವ ಪುಢಾರಿಯ ಹಾಗೆ, ಆದರೆ ಪುಕ್ಕಟೆ. ಕಾಲೇಜಿನ ನೇಮಕಾತಿ ಸಮಿತಿಯ ಮುಂದೆ ಇದನ್ನು ತೋರಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಹುಟ್ಟೂರು ಮಸರಕಲ್ಲಿಗೆ ವಾಪಸ್.

ಹಾಗಾಗಿ ಸೀಸೆ ಮಾನ್ವಿಯಲ್ಲಿ, ಅವನು ಬಾಡಿಗೆಗಿದ್ದ ಮನೆಯ ಒಡತಿ ವೆಂಕೂಬಾಯಿಯ ಫ್ರಿಡ್ಜು ಸೇರಿತು.

"ಏನದನೋ ಇದರಾಗ?"

"ಬ್ಯಾಕ್ಟೀರಿಯಾದ ರಸರೀ, ಅಮ್ಮಾರ."

"ಹುಳದ ರಸಾ? ರಾಮ ರಾಮ! ನೈವೇದ್ಯದ ಹಾಲಿನ ಹತ್ರ ಬ್ಯಾಡ, ಕೆಳಗಿಡು."

ಊರಿನವರಿಂದ ತನ್ನ ಜಾಗ ತಿಳಿಸಿಕೊಂಡವನ ಹಾಗೆ ಸೀಸೆ ಕೆಳಗಿನ ಮೂಲೆಯಲ್ಲಿ ಕೂತಿತು.

ಸಮಿತಿ ಬರುವ ದಿನ ಬೆಳಿಗ್ಗೆ ಆಕೆಯೇ ಸೀಸೆ ತಂದು ಕೈಗಿಟ್ಟಳು. ಒಳಗಿನದು ಸ್ವಲ್ಪ ಮಂದವಾಗಿ ಕಂಡಿತು. ಥಂಡಿಗೆ ಹಾಗಾಗಿರಬೇಕು ಎಂದುಕೊಂಡು ಬಸ್ಸಿಗೆ ಓಡಿದ.

ಕಲ್ಲೂರು ದಾಟುವಷ್ಟರಲ್ಲಿ ಹಿಂದಿನ ಸೀಟಿನ ಮುನವ್ವರ್ ಬೀ ಚೀರಿದಳು: "ಹಾಯ್ ಅಲ್ಲಾ! ಮಾಸ್ತರ್ರ, ನಿಮ್ಮ ಬ್ಯಾಗಿಗೆ ಇರಿವಿ ಹತ್ಯಾವ ನೋಡ್ರಿ!"

ಇರುವೆಗಳು ರೇಷನ್ ಅಂಗಡಿಯ ಮುಂದಿನ ಸಾಲಿನಂತೆ ಬ್ಯಾಗು ದಾಟಿ ಅವನ ಅಂಗಿಯೊಳಗೆ ಇಳಿಯುತ್ತಿದ್ದವು.

"ಜಾಮೂನು ನೀವೊಬ್ಬರೇ ತಿನ್ನಾಕ ಹೊಂಟೀರೇನ್ರೀ?" ಎಂದ ಕಂಡಕ್ಟರ್.

"ಇದು ವಿಜ್ಞಾನರೀ!"

"ವಿಜ್ಞಾನಕ್ಕ ಇರಿವಿ ಮುಕರ್ತಾವೇನ್ರೀ?"

ಇಡೀ ಬಸ್ಸು ನಕ್ಕಿತು. ಯಲ್ಲಾಲಿಂಗ ರಾಯಚೂರಿನಲ್ಲಿ ಕುಣಿಯುತ್ತಲೇ ಇಳಿದ.

ಸಮಿತಿಯ ಸುನಂದಾ ಮೇಡಂ ಮೊದಲು ಬರೀ ಗ್ಲೂಕೋಸ್ ನೀರು ಕುಡಿದು, ಸಿಹಿ ಸಾಲದೆಂದು ಮುಖ ಹಿಂಡಿದರು. ಯಲ್ಲಾಲಿಂಗ ಅದೇ ನೀರಿನ ಇನ್ನೊಂದು ಲೋಟಕ್ಕೆ ಸೀಸೆಯಲ್ಲಿದ್ದುದನ್ನೆಲ್ಲ ಸುರಿದು, ಒಂದು ತಾಸು ಬಿಸಿನೀರಿನಲ್ಲಿಟ್ಟು ಕೊಟ್ಟ. ಒಂದು ಗುಟುಕು. ಮತ್ತೊಂದು. ಲೋಟ ಬರಿದು.

"ಏನ್ ಸಿಹಿ ಅದರೀ! ಸೋಮವಾರ ಆಡಳಿತ ಮಂಡಳಿ ಅಧ್ಯಕ್ಷರ ಮುಂದ ಹಿಂಗ ಮಾಡಿ ತೋರಸ್ರಿ. ಅವತ್ತ ಕಾಯಂ ಆರ್ಡರ್ ನಿಮ್ಮ ಕೈಗೆ."

ಸಂಜೆ ಯಲ್ಲಾಲಿಂಗ ವೆಂಕೂಬಾಯಿಯ ಕಾಲಿಗೇ ಬಿದ್ದ. "ಅಮ್ಮಾರ, ನಿಮ್ಮ ಫ್ರಿಡ್ಜಿನ ಪುಣ್ಯ! ನನ್ನ ರಸ ಗೆದ್ದತು!"

"ಯಾವ ರಸನೋ? ಅದು ನಾರ್ಲಿಕತ್ತಿತ್ತು, ನಿನ್ನೇನೇ ಬಚ್ಚಲಕ್ಕ ಚೆಲ್ಲಿದೆ. ಬಾಟ್ಲಿ ಹುಣಸಿಹಣ್ಣು ಹಚ್ಚಿ ತೊಳದೆ. ಮಂದಿ ಬಾಟ್ಲಿ ಖಾಲಿ ತಿರುಗಿ ಕೊಡಬಾರದಲ್ಲಪ್ಪಾ, ಬೂಂದಿ ಉಂಡಿ ಪಾಕ ಉಳದಿತ್ತು, ತುಂಬಿಕೊಟ್ಟೆ. ಯಾಕ, ಸಿಹಿ ಕಡಿಮಿ ಆಗಿತ್ತೇನು?"

ಯಲ್ಲಾಲಿಂಗ ಬಚ್ಚಲ ಬಾಗಿಲಲ್ಲೇ ಕುಕ್ಕರಿಸಿದ. ಅಷ್ಟರಲ್ಲಿ ಫೋನು. ಶಂಭುಲಿಂಗಪ್ಪನವರು ಜನ್ಮದಲ್ಲಿ ಮೊದಲ ಸಲ ಅವನನ್ನು 'ಸರ್' ಎಂದರು.

"ಯಲ್ಲಾಲಿಂಗ ಸರ್, ನನ್ನ ಮಸರು, ಮಜ್ಜಿಗಿ ಎಲ್ಲಾ ತೆಗಸೀನ್ರಿ. ಇನ್ನ ಇಡೀ ಫ್ರಿಡ್ಜ್ ನಿಮ್ದ. ಬಾಟ್ಲಿ ತುಂಬಕೊಂಡು ಬರ್ರಿ!"